ಪಾಲಿಗೆ ಬಿಟ್ಟ ಬೆಕ್ಕು

ಬಾಣಂತನಕ್ಕೆ ತವರಿಗೆ ಹೋಗುವಾಗ ನನ್ನ ಬೆಕ್ಕನ್ನು ಕೊಟ್ಟೂರಿನ ಅಕ್ಕನ ಮನೆಯಲ್ಲಿ ಬಿಟ್ಟಿದ್ದೆ. ಕೂಸನ್ನು ಎತ್ತಿಕೊಂಡು ವಾಪಸ್ ಕೇಳಲು ಹೋದರೆ, ಅಕ್ಕ ಬೆಕ್ಕನ್ನು ತೊಡೆಯಿಂದ ಇಳಿಸಲೇ ಇಲ್ಲ.

"ಇಷ್ಟು ದಿನ ಹಾಲು ಹಾಕ್ದಾಕಿ ನಾನು. ಈಗ ಇದು ನಂದು," ಎಂದಳು.

"ನನ್ನ ಕೂಸಿಗೂ ಒಂದಿನ ಹಾಲು ಕುಡಿಸಿದ್ರ ಅದೂ ನಿಂದಾಗ್ತಿತ್ತೇನು?" ಎಂದೆ. ಆ ಬೆಕ್ಕಿಲ್ಲದೆ ನನ್ನ ಮನೆ ಬಿಕೋ ಎನ್ನುತ್ತಿತ್ತು. ಬರಿಗೈಯಲ್ಲಿ ಹೋಗುವ ಮಾತೇ ಇರಲಿಲ್ಲ.

ಕೊನೆಗೆ ಆಡಿನ ಲೆಕ್ಕ ತೆಗೆದೆ. ನಮ್ಮ ಕಡೆ ಆಡನ್ನು ಪಾಲಿಗೆ ಕೊಟ್ಟರೆ ಹುಟ್ಟಿದ ಮರಿಗಳಲ್ಲಿ ಅರ್ಧ ಸಾಕಿದವರಿಗೆ. ತಾಯಿ ಆಡು ಮಾತ್ರ ಕೊಟ್ಟವರದೇ. ಬೆಕ್ಕು ಅಕ್ಕನ ಮನೆಯಲ್ಲೇ ನಾಲ್ಕು ಮರಿ ಹಾಕಿತ್ತು. ಅವು ಆಗಲೇ ತಟ್ಟೆಯಲ್ಲಿ ಹಾಲು ಕುಡಿಯುತ್ತಿದ್ದವು.

"ಬೆಕ್ಕನ್ನೂ ಪಾಲಿಗೆ ಬಿಟ್ಟಿದ್ದೆ ಅಂತ ತಿಳ್ಕೋ. ತಾಯಿ ನಂದು," ಎಂದೆ.

ಅಕ್ಕ ಬೆಕ್ಕನ್ನು ತೊಡೆಯಿಂದ ಇಳಿಸಿ, ಒಳಗಿಂದ ಬುಟ್ಟಿ ತಂದಳು. ತಾಯಿಯನ್ನು ಅದರಲ್ಲಿ ಇಟ್ಟಳು. ಪಕ್ಕದಲ್ಲಿ ಎರಡು ಮರಿಗಳನ್ನೂ ಇಟ್ಟಳು.

"ಇವು ಯಾಕಕ್ಕ?"

"ಪಾಲು ಅಂದ್ಮ್ಯಾಲೆ ಪಾಲೇ. ನಿನ್ನ ಅರ್ಧ ನೀನು ಒಯ್ಯಿ."

ಹರಪನಹಳ್ಳಿ ಬಸ್ಸಿನಲ್ಲಿ ಬುಟ್ಟಿಯೂ ಅಳುತ್ತಿತ್ತು, ಕೂಸೂ ಅಳುತ್ತಿತ್ತು. ಬುಟ್ಟಿಯಲ್ಲಿ ಏನೈತಿ ಎಂದು ಕಂಡಕ್ಟರ್ ಕೇಳಿದ.

"ನ್ಯಾಯ ಗೆದ್ದು ತಂದೀನಪ್ಪ," ಎಂದೆ.