ಎಲ್ಲಿಗೆ ಅಂತ ಕೇಳಬಾರದು

ಹಿತಕಿದ ಬೇಳೆ ಮಾಡೋದು ಅಂದ್ರೆ ನಿಮಗೆ ಗೊತ್ತೇ ಇದೆ. ನೆನೆದ ಅವರೆಕಾಳನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಬೇಳೆ ಪುಳಕ್ಕಂತ ಆಚೆ, ಸಿಪ್ಪೆ ಕೈಯಲ್ಲಿ. ಕೈ ಅದರ ಪಾಡಿಗೆ ನಡೀತಿರುತ್ತೆ, ಮನಸ್ಸು ಎಲ್ಲೋ. ಹೋದ ವಾರ ಒಂದು ಮಧ್ಯಾಹ್ನ ಹಾಗೇ ಕೂತಿದ್ದೆ. ಟೀವಿ ಮುಂದಿದ್ದ ನಮ್ಮ ಯಜಮಾನರು ಕರೆದರು.

"ಏಯ್, ಇಲ್ಲಿ ಬಾ. ನಿನ್ನ ತಂಗಿ ಹೋಗಿರೋದು ಯಾವೂರಿಗೆ?"

ಯಾವೂರಿಗೆ? ನನಗೇನು ಗೊತ್ತು? ನಾನು ಕೇಳಿರಲಿಲ್ಲ.

ಟೀವಿಯಲ್ಲಿ ಯಾವುದೋ ದೂರದೇಶದ ಊರು. ದೊಡ್ಡ ಹೋಟೆಲ್. ಬಾಂಬ್. ಭದ್ರತೆಯ ಬಗ್ಗೆ ಅಲ್ಲೊಂದು ಅಂತರರಾಷ್ಟ್ರೀಯ ಸಭೆ ನಡೆಯೋದಿತ್ತು ಅಂತ ಕೆಳಗೆ ಅಕ್ಷರ ಓಡುತ್ತಿತ್ತು.

ನನ್ನ ತಂಗಿ ವನಜಾಳ ಕೆಲಸ ಅದೇ. ಮೂಗೂರಿನ ಕನ್ನಡ ಶಾಲೆಯಲ್ಲಿ ಓದಿದವಳು. ತಿ. ನರಸೀಪುರಕ್ಕೆ ಬಸ್ಸಲ್ಲಿ ನಿಂತುಕೊಂಡೇ ಓಡಾಡಿ ಪಿಯುಸಿ ಮುಗಿಸಿದಳು. ಮೈಸೂರಲ್ಲಿ ಎಂ.ಎ., ದೆಹಲಿಯಲ್ಲಿ ಡಾಕ್ಟರೇಟ್. ಮೀಸೆ ಮೂಡದ ಹುಡುಗರು ಯಾಕೆ ಬಂದೂಕು ಹಿಡೀತಾರೆ, ಅವರನ್ನು ಯಾರು ಏನು ಹೇಳಿ ಕರೀತಾರೆ ಅನ್ನೋದು ಅವಳ ವಿಷಯ. ಜೈಲುಗಳಲ್ಲಿ ಅಂಥವರ ಎದುರು ಕೂತು ಮಾತಾಡಿಸಿ ಬಂದಿದ್ದಾಳೆ. ಈಗ ಬೇರೆ ಬೇರೆ ಸರ್ಕಾರದವರು ಅವಳನ್ನು ಕರೆಸಿ, ಇದನ್ನು ತಡೆಯೋದು ಹೇಗಮ್ಮ ಅಂತ ಕೇಳುತ್ತಾರೆ.

(ಊರಲ್ಲಿ ಇದನ್ನು ಬಿಡಿಸಿ ಹೇಳೋದು ಕಷ್ಟ. ಹುಲ್ಲಹಳ್ಳಿಯಿಂದ ಅವಳನ್ನು ನೋಡಲು ಬಂದ ಗಂಡಿನ ಕಡೆಯವರು "ಹುಡುಗಿ ಯಾವುದ್ರಲ್ಲಿರೋದು?" ಅಂದಾಗ ನಮ್ಮಣ್ಣ ಗಾಬರಿಯಲ್ಲಿ "ಟೆರರಿಸಂನಲ್ಲಿ" ಅಂದುಬಿಟ್ಟ. ಉಪ್ಪಿಟ್ಟು ತಟ್ಟೆಯಲ್ಲೇ ಉಳೀತು.)

ನಾನು ಯಾಕೆ ಕೇಳಿರಲಿಲ್ಲ ಅಂದರೆ, ನಮ್ಮ ಕಡೆ ಹೊರಟು ನಿಂತವರನ್ನು "ಎಲ್ಲಿಗೆ" ಅನ್ನಬಾರದು. ಬೇಕಾದರೆ "ದೂರವಾ?" ಅನ್ನಬಹುದು. ಅಷ್ಟೇ. ಯಾಕಜ್ಜಿ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. "ದಾರಿಗೂ ಕಿವಿ ಅವೆ ಕಣವ್ವ. ನೀ ಕೇಳುದ್ದ ಇನ್ನೊಬ್ಬ ಕೇಳುಸ್ಕತನೆ" ಅಂದಿತ್ತು ನಮ್ಮಜ್ಜಿ. ಆ ಇನ್ನೊಬ್ಬ ಯಾರು ಅಂತ ಮಾತ್ರ ಹೇಳಲಿಲ್ಲ. ವನಜಾ ಇದನ್ನು ನೆನೆಸಿಕೊಂಡು ನಗುತ್ತಾಳೆ. "ನಮ್ಮ ಆಫೀಸಲ್ಲೂ ಇದೇ ರೂಲ್ ಕಣಕ್ಕ. ಅಜ್ಜಿ ನಮಗಿಂತ ಮುಂಚೆ ಮಾಡಿತ್ತು."

ಈ ಸಲ ಹೊರಟಾಗ ನಾನು "ದೂರವಾ?" ಅಂದೆ. "ದೂರಾನೇ" ಅಂದಳು. ಎಲ್ಲ ಸರಿಯಾಗೇ ಇತ್ತು. ಅಷ್ಟರಲ್ಲಿ ಎದುರುಮನೆ ಜಯಮ್ಮ ರಂಗೋಲಿಯಿಂದ ತಲೆ ಎತ್ತಿ, ಬೀದಿಗೆಲ್ಲ ಕೇಳೋ ಹಾಗೆ, "ಎಲ್ಲಿಗವ್ವಾ ವೊಂಟೆ?" ಅಂದುಬಿಟ್ಟರು.

"ಒಳಗೆ ಬಂದು ಕೂತು, ಒಂದು ಲೋಟ ನೀರು ಕುಡಿದು ಹೋಗೇ" ಅಂದೆ. ಅದಕ್ಕೆ ಪರಿಹಾರ ಅದೇ ತಾನೇ?

"ಕ್ಯಾಬ್ ಕಾಯ್ತಿದೆ ಕಣಕ್ಕ" ಅಂತ ನಕ್ಕು ಹೋದಳು.

ಈಗ ಫೋನ್ ಮಾಡಿದರೆ ಸ್ವಿಚ್ ಆಫ್. ಮತ್ತೆ ಮಾಡಿದೆ. ಸ್ವಿಚ್ ಆಫ್. ಟೀವಿಯಲ್ಲಿ ಹೋಟೆಲಿನ ಮೆಟ್ಟಿಲು ತೋರಿಸುತ್ತಿದ್ದರು. ಹೊಗೆ ಇಳಿದಿತ್ತು. ಮೆಟ್ಟಿಲ ಮೇಲೆ ಚಪ್ಪಲಿ, ಚೀಲ, ಒಂದು ಶಾಲು. ಮನುಷ್ಯರು ಯಾರೂ ಇಲ್ಲ.

ಅದನ್ನು ನಾನು ಮೊದಲೇ ನೋಡಿದ್ದೆ.

ಹೋದ ಕಾರ್ತಿಕದ ಸೋಮವಾರ ಇವಳನ್ನು ಕಪಿಲೆಗೆ ಸ್ನಾನಕ್ಕೆ ಕರೆದುಕೊಂಡು ಹೋಗಿದ್ದೆ. ಸೋಪಾನದ ತುಂಬ ಜನ ಬಿಚ್ಚಿಟ್ಟ ಬಟ್ಟೆ, ಚಪ್ಪಲಿ, ಚೀಲ. "ಅಕ್ಕ, ಇವೆಲ್ಲ ಯಾರವು?" ಅಂತ ನಿಂತೇಬಿಟ್ಟಳು. "ಮುಳುಗು ಹಾಕ್ತಿರೋರವು ಕಣೇ" ಅಂದು ನೀರಿನ ಕಡೆ ಕೈ ತೋರಿಸಿದೆ. ಏನು ಗಳಿಗೆಯೋ, ಎಲ್ಲರೂ ಒಟ್ಟಿಗೇ ಮುಳುಗಿದ್ದರು. ನೀರ ಮೇಲೆ ಒಂದು ತಲೆಯೂ ಇಲ್ಲ. ಹೊಳೆ ಸುಮ್ಮನೆ ಹರೀತಿತ್ತು. ವನಜಾ ನನ್ನ ರಟ್ಟೆ ಹಿಡಿದುಕೊಂಡಳು. "ನಾನು ಹೋದ ಕಡೆಯೆಲ್ಲ ಕಡೆಗೆ ಉಳಿಯೋದು ಇಷ್ಟೇ ಅಕ್ಕ" ಅಂದಳು. ಆಮೇಲೆ ತಲೆಗಳು ಒಂದೊಂದಾಗಿ ಎದ್ದವು. ನಂಜುಂಡಪ್ಪ ಅಂತ ನಾನು ಕೈ ಮುಗಿದೆ.

ಟೀವಿಯ ಮೆಟ್ಟಿಲ ಮುಂದೆ ಹೊಳೆಯಿರಲಿಲ್ಲ. ಯಾರೂ ಎದ್ದು ಬರಲಿಲ್ಲ.

ಸುದ್ದಿ ಕೇಳಿ ಜಯಮ್ಮ ಓಡಿ ಬಂದರು. ಒಳಗೆ ಬರದೆ ಬಾಗಿಲಲ್ಲೇ ಕುಕ್ಕರುಬಡಿದರು. "ಅಯ್ಯೋ, ನನ್ ಬಾಯ್ಗೆ ಮಣ್ಣಾಕ! ನಾನ್ಯಾಕ್ ಕೇಳ್ದೆ? ಬಯ್ಯವ್ವ ನನ್ನ, ಬಯ್ದುಬುಡು."

ಬಯ್ಯೋಣ ಅಂದರೆ ಬಾಯಿ ಬರಬೇಕಲ್ಲ? ನಾನು ಸಿಕ್ಕ ಪುಣ್ಯಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತಿದ್ದೆ. ಕರೆಂಟ್ ಹೋಗಿಲ್ಲ, ಪುಣ್ಯ. ಮೂಗೂರಲ್ಲಿ ಅಮ್ಮ ಈ ಹೊತ್ತಿಗೆ ಮಲಗಿರುತ್ತಾಳೆ, ಟೀವಿ ಹಾಕಲ್ಲ, ಪುಣ್ಯ. ಇವರು ಮನೆಯಲ್ಲಿದ್ದಾರೆ, ಪುಣ್ಯ.

ಫೋನ್ ಬಂತು.

"ಅಕ್ಕ, ನಾನು. ದೆಹಲಿಯಲ್ಲೇ ಇದೀನಿ. ಮೀಟಿಂಗಲ್ಲಿ ಫೋನ್ ಆಫ್ ಮಾಡಿದ್ದೆ."

ಜಯಮ್ಮ ನನ್ನ ಮುಖ ನೋಡಿಯೇ ಅಳೋಕೆ ಶುರು ಮಾಡಿದರು. ನಾನು, "ಥೂ ನಿನ್ನ, ಪ್ರಾಣ ಹೋಗಿತ್ತಲ್ಲೇ!" ಅಂದೆ.

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ, "ನಾಳೆ ನಂಗೆ ಅದೇ ಹೋಟೆಲಲ್ಲಿ ರೂಮ್ ಆಗಿತ್ತು ಅಕ್ಕ" ಅಂದಳು.

ಒಂದೇ ಒಂದು ದಿನ. "ಸದ್ಯ, ನಂಜುಂಡಪ್ಪ ಕಾಪಾಡಿದ. ಇನ್ನು ಹೋಗಲ್ಲ ತಾನೇ?"

"ಹೋಗ್ತೀನಿ ಅಕ್ಕ. ಈಗಲೇ ಹೋಗಬೇಕಾಗಿರೋದು. ಅಲ್ಲಿಯ ಸರ್ಕಾರದವರು ಕೂತು ಮಾತಾಡೋಕೆ ಕಾಯ್ತಿದಾರೆ. ಹೋಟೆಲ್ ಮಾತ್ರ ಬೇರೆ."

"ವನಜಾ..."

"ನೀನು ಕೇಳಬೇಡ, ನಾನೇ ಹೇಳ್ತೀನಿ. ಒಬ್ಬರಿಗಾದರೂ ಗೊತ್ತಿರಲಿ." ಹೋಟೆಲಿನ ಹೆಸರು ಹೇಳಿದಳು. ಯಾವ ಬೀದಿ ಅಂತ ಹೇಳಿದಳು. ಇಷ್ಟು ವರ್ಷದಲ್ಲಿ ಒಂದು ಸಲವೂ ಹೇಳದವಳು, ಮೆಲ್ಲಗೆ, ಎರಡೆರಡು ಸಲ ಹೇಳಿದಳು.

ಅವಳಿಗೂ ಭಯವಾಗಿದೆ ಅಂತ ನನಗೆ ಗೊತ್ತಾಗಿದ್ದು ಆಗ.

ಏನೂ ಗೊತ್ತಿಲ್ಲದೆ ಇಷ್ಟು ದಿನ ಕಣ್ತುಂಬ ನಿದ್ದೆ ಮಾಡಿದೆನಲ್ಲ, ಅದೂ ದೇವರ ದಯೆಯೇ ಆಗಿತ್ತು. ಅದನ್ನು ಮಾತ್ರ ನಾನು ಯಾವತ್ತೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ.

ಮಾರನೆಯ ದಿನಕ್ಕೆ ಇಡ್ಲಿ ಹಿಟ್ಟಾಗಬೇಕಿತ್ತು. ಎದ್ದು ಹೋಗಿ ಗ್ರೈಂಡರಿಗೆ ಉದ್ದು ಹಾಕಿದೆ, ನೀರು ಹಾಕಿದೆ, ಸ್ವಿಚ್ ಮೇಲೆ ಬೆರಳಿಟ್ಟು ನಿಂತೆ. ಇದರ ಸದ್ದಿನಲ್ಲಿ ಫೋನ್ ಬಂದರೆ ಕೇಳಿಸುತ್ತಾ?