ತಳದಲ್ಲಿ ನಿಂತ ನೀರು

ಮಿಸ್ತ್ರಿ ಕಾಕಾನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ಕಾಲದಲ್ಲಿ ಇಂಜಿನ್ನಿನ ಹಗ್ಗ ಸುತ್ತಿಕೊಂಡು ಕಿತ್ತುಕೊಂಡು ಹೋಗಿತ್ತಂತೆ. ಅಲ್ಲಿ ಬೆಳೆದ ಚರ್ಮ ತೆಳ್ಳಗೆ, ನುಣ್ಣಗೆ, ಎಳೆಗೂಸಿನ ಹಿಮ್ಮಡಿಯ ಹಾಗಿತ್ತು. ಮೈಯೆಲ್ಲ ಗ್ರೀಸಿನಿಂದ ಕರ್ರಗಾದ ಆ ಮನುಷ್ಯನಲ್ಲಿ ಸ್ವಚ್ಛವಾಗಿದ್ದ ಜಾಗ ಅದೊಂದೇ. ಎಣ್ಣೆ ಪರೀಕ್ಷೆ ನಡೆಯುತ್ತಿದ್ದುದು ಅದರ ಮೇಲೆಯೇ. ಒಂದು ಹನಿ ಬಿಟ್ಟುಕೊಂಡು, ತೋರುಬೆರಳಿನಿಂದ ತಿಕ್ಕಿ, ಮೂಸಿ, ಆಮೇಲೆ ಮೋಟಾರಿನ ಮಾಲೀಕನನ್ನು ದಿಟ್ಟಿಸುತ್ತಿದ್ದ. ಆ ನೋಟಕ್ಕೆ ಹೆದರಿ ಎಷ್ಟೋ ಮಂದಿ ತಾವಾಗಿಯೇ ತಪ್ಪು ಒಪ್ಪಿಕೊಳ್ಳುತ್ತಿದ್ದರು.

ಕಾಕಾ ನಮ್ಮ ರಕ್ತಸಂಬಂಧಿಯಲ್ಲ, ಪಕ್ಕದ ಮನೆಯವನು. ನಮ್ಮದು ಕೃಷ್ಣಾ ನದಿಯ ನಡುಗಡ್ಡೆಯ ಊರು. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಡುತ್ತ ದಾಟಬಹುದು. ಮಳೆಗಾಲದಲ್ಲಿ ಮೇಲೆ ನಾರಾಯಣಪುರ ಅಣೆಕಟ್ಟಿನ ಗೇಟು ಎತ್ತಿದರೆಂದರೆ ಬೋಟೇ ಗತಿ. ಆಚೆ ದಂಡೆಯಲ್ಲಿ, ಸುರಪುರದ ರಸ್ತೆಗೆ ಕೂಡುವ ಕ್ರಾಸಿನಲ್ಲಿ, ಕಾಕಾನ ತಗಡಿನ ಅಂಗಡಿ. ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮಷೀನು, ಮೀನು ಹಿಡಿಯುವವರ ಬೋಟಿನ ಮೋಟಾರು ಎಲ್ಲ ಅಲ್ಲಿಗೇ ಬರುತ್ತಿದ್ದವು. ತನ್ನಂಥ ಮಿಸ್ತ್ರಿ ಹೈದರಾಬಾದಿನ ತನಕ ಹುಡುಕಿದರೂ ಸಿಗುವುದಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಬೇರೆಯವರು ಕೈಹಾಕಿ ಕೆಡಿಸಿದ ಮೋಟಾರು ಬಂದರೆ, "ಇದನ್ನ ಬಿಚ್ಚಿದವ ಮಿಸ್ತ್ರಿ ಏನ್ರಿ, ಇಲಿ ಏನ್ರಿ?" ಎಂದು ಕೇಳಿಯೇ ಕೈ ಹಚ್ಚುವವನು. ಸಂಪನ್ನ ಮನುಷ್ಯ ಅಂತ ನಾನು ಹೇಳುವುದಿಲ್ಲ. ಸಂಪನ್ನರಿಂದ ನನಗೇನೂ ಉಪಕಾರವಾಗಿಲ್ಲ.

ಬೋಟಿನ ಮೋಟಾರಿನ ಕೆಳತುದಿಯಲ್ಲಿ, ನೀರಲ್ಲೇ ಮುಳುಗಿರುವ ಒಂದು ಗೇರ್ ಡಬ್ಬಿ ಇರುತ್ತದೆ. ಒಳಗೆ ಹಲ್ಲುಗಳು ಎಣ್ಣೆಯಲ್ಲಿ ತಿರುಗುತ್ತವೆ, ಹೊರಗೆ ಪಂಖ ಹೊಳೆಯಲ್ಲಿ ತಿರುಗುತ್ತದೆ. ಎಣ್ಣೆಗೂ ಹೊಳೆಗೂ ನಡುವೆ ಇರುವುದು ಒಂದು ರಬ್ಬರಿನ ಸೀಲು, ಅಷ್ಟೇ. ಹರಿದ ಬಲೆಯ ನೈಲಾನ್ ದಾರ ಪಂಖದ ಹಿಂದೆ ಸುತ್ತಿಕೊಂಡು ಆ ಸೀಲನ್ನು ಕೊಯ್ಯುತ್ತದೆ. ನೀರು ಒಳಗೆ ನುಗ್ಗಿ ಎಣ್ಣೆ ಮಜ್ಜಿಗೆಯಂತಾಗುತ್ತದೆ. ಮಜ್ಜಿಗೆಯಲ್ಲಿ ಕಬ್ಬಿಣದ ಹಲ್ಲು ಬಹಳ ದಿನ ಬಾಳುವುದಿಲ್ಲ.

ಕಾಕಾ ಹೊಸ ಸೀಲು ಹಾಕಿ, ಸ್ಕ್ರೂಗಳಿಗೆ ಹೊಸ ವಾಷರ್ ಕೂಡಿಸಿ, ಖಾಲಿ ಡಬ್ಬಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಎಮ್ಮೆ ನೀರು ಕುಡಿಯುವ ಬಾನಿಯಲ್ಲಿ ಮುಳುಗಿಸುತ್ತಿದ್ದ. ಪಂಕ್ಚರ್ ನೋಡಿದ ಹಾಗೆ. ಒಂದು ಗುಳ್ಳೆ ಎದ್ದರೂ ಮತ್ತೆ ಬಿಚ್ಚುವುದೇ. ಎಣ್ಣೆಯನ್ನು ಕೆಳಗಿನ ತೂತಿನಿಂದ ಏರಿಸಿ, ಮೇಲಿನ ತೂತಿನಲ್ಲಿ ಉಕ್ಕಿದ ಮೇಲೆಯೇ ಬಿಗಿಯುವುದು. ತೆಗೆದ ಹಳೆಯ ಎಣ್ಣೆಯನ್ನು ಚೆಲ್ಲುತ್ತಿರಲಿಲ್ಲ. ಗಾಜಿನ ಬಾಟಲಿಗೆ ತುಂಬಿ ಮಾಲೀಕ ಬರುವ ತನಕ ಹಲಗೆಯ ಮೇಲಿಡುತ್ತಿದ್ದ. ರೋಗ ಕಣ್ಣಿಗೆ ತೋರಿಸದೆ ಔಷಧಿ ಕೊಡಬಾರದು ಎಂಬುದು ಅವನ ಹಟ.

ಜನರನ್ನು ದಾಟಿಸುವ ಬೋಟಿನ ಗುತ್ತಿಗೆ ಒಬ್ಬ ಕಂಟ್ರಾಕ್ಟರನದು. ಕಾಕಾನ ಹೆಸರು ನಾನಿಲ್ಲಿ ಬರೆಯುತ್ತಿಲ್ಲ, ಅದು ಮರ್ಯಾದೆಗೆ. ಇವನ ಹೆಸರು ಬರೆಯದಿರುವುದು ಕಾಗದ ಹೊಲಸಾಗಬಾರದೆಂದು.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, ಮಳೆಗಾಲ ಹಿಡಿಯುವ ಹೊತ್ತಿಗೆ ಅವನ ಮೋಟಾರು ಅಂಗಡಿಗೆ ಬಂತು. ಎಣ್ಣೆ ತೆಗೆದರೆ ಬೆಳ್ಳಗೆ ಸುರಿಯಿತು. ಹೈದರಾಬಾದಿನಿಂದ ಸೀಲು ತರಿಸುತ್ತೇನೆ, ಅಲ್ಲಿಯವರೆಗೆ ಇದನ್ನು ನೀರಿಗೆ ಇಳಿಸಬೇಡಿ ಎಂದು ಕಾಕಾ ಹೇಳಿದ. ಕಂಟ್ರಾಕ್ಟರ್ ನಕ್ಕು, ಕೆಟ್ಟದ್ದು ಎಣ್ಣೆ, ಎಣ್ಣೆ ಬದಲಿಸಿದರಾಯಿತು ಎಂದವನೇ ಮೋಟಾರು ಹೊರಿಸಿಕೊಂಡು ಹೋದ. ಮರುದಿನ ನಾನು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅವನ ಡ್ರೈವರ್ ಹೊಸ ಎಣ್ಣೆ ತುಂಬಿ, ಚಪ್ಪಟೆಯಾಗಿದ್ದ ಅವೇ ಹಳೆಯ ವಾಷರುಗಳನ್ನು ಒತ್ತಿ ಕೂಡಿಸಿದ್ದನ್ನು ಕಣ್ಣಾರೆ ಕಂಡೆ. ಕಂಟ್ರಾಕ್ಟರ್ ಒಂದು ಹನಿ ಬೆರಳಿಗೆ ಹಚ್ಚಿಕೊಂಡು ಕಾದು ನಿಂತ ಜನಕ್ಕೆ ತೋರಿಸಿದ.

"ನೋಡ್ರಿ, ಬಂಗಾರದಂಗ ಅದ. ಮಿಸ್ತ್ರಿ ಸುಮ್ಮ ಅಂಜಸ್ತಾನ."

ಕಾಕಾನಿಗೆ ಹೋಗಿ ಹೇಳಿದೆ. ಅವನು ದಂಡೆಗೆ ಬಂದು ಬಾಯಿಗೆ ಬಂದಂತೆ ಬೈದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಾಟಲು ಬೇರೆ ಬೋಟಾದರೂ ಎಲ್ಲಿತ್ತು? ಬೈದು ಪ್ರಯೋಜನವಿಲ್ಲವೆಂದು ಕಂಡಾಗ ಕಾಕಾ ತಾನೇ ಯಾದಗಿರಿಗೆ ಹೋಗಿ, ರೈಲು ಹಿಡಿದು, ಸೀಲು ತರಲು ಹೈದರಾಬಾದಿಗೆ ಹೊರಟ. ಮೋಟಾರಿನ ಮಾಲೀಕನಿಗೇ ಬೇಡವಾದ ಸೀಲು. ಊರಿನ ಜನ ಕೂರುವ ಬೋಟು ಎಂಬ ಒಂದೇ ಕಾರಣಕ್ಕೆ.

ಅವನು ಅತ್ತ ಹೋದಾಗಲೇ ಇತ್ತ ಹೊಳೆ ಬಂತು. ಶಹಾಪುರದಲ್ಲಿ ನನ್ನ ಪರೀಕ್ಷೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅವ್ವ ಹತ್ತಿ ಹೊಲದ ಕೂಲಿಗೆ ಹೋಗಿ ಓದಿಸುತ್ತಿದ್ದಳು. ಪರೀಕ್ಷೆ ಬಿಡುವ ಮಾತೇ ಇರಲಿಲ್ಲ. ಒಬ್ಬಳೇ ಹೋಗಬೇಡ, ಹೊಳೆ ಏರಿದೆ ಎಂದು ಕಾಕು, ಅಂದರೆ ಮಿಸ್ತ್ರಿ ಕಾಕಾನ ಹೆಂಡತಿ, ಸೀರೆ ಬದಲಿಸಿಕೊಂಡು ಜೊತೆಗೆ ಬಂದಳು.

ನಡುಹೊಳೆಯಲ್ಲಿ ಬೀಸುಕಲ್ಲಿಗೆ ಹರಳು ಸಿಕ್ಕಂತೆ ಸದ್ದಾಯಿತು. ಆಮೇಲೆ ಇಂಜಿನ್ನು ಒದರುತ್ತಲೇ ಇತ್ತು, ಪಂಖ ತಿರುಗುತ್ತಿರಲಿಲ್ಲ. ಬೋಟು ಅಡ್ಡವಾಗಿ ತೇಲಿ ಹೋಗಿ, ಮುಳುಗಿದ್ದ ಬಳ್ಳಾರಿ ಜಾಲಿಯ ಗಿಡಗಳಿಗೆ ಬಡಿದು ಮಗುಚಿತು. ಕಾಕು ಎರಡೂ ಕೈಯಿಂದ ನನ್ನನ್ನು ಒಂದು ಕೊಂಬೆಯ ಕಡೆ ನೂಕಿದಳು. "ಗಟ್ಟಿ ಹಿಡಿ" ಎಂದಳು. ಹಿಡಿದೆ. ಮುಳ್ಳು ಅಂಗೈಯಲ್ಲಿ ಇಳಿದ ಗುರುತು ಇನ್ನೂ ಇದೆ. ನನ್ನನ್ನೂ ಉಳಿದವರನ್ನೂ ಮೀನುಗಾರರು ಎಳೆದುಕೊಂಡರು. ಕಾಕು ಸಿಕ್ಕಿದ್ದು ಮರುದಿನ, ಬಹಳ ಕೆಳಗೆ.

ಕಾಕಾ ಊರಿಗೆ ಬಂದಾಗ ಸೀಲು ಅವನ ಅಂಗಿಯ ಜೇಬಿನಲ್ಲಿತ್ತು.

ಮಣ್ಣಿಗೆ ಕಂಟ್ರಾಕ್ಟರನೂ ಬಂದಿದ್ದ. ಎಲ್ಲರಿಗಿಂತ ಮುಂದೆ ನಿಂತು, ಎಲ್ಲರಿಗಿಂತ ದೊಡ್ಡ ಹಿಡಿ ಮಣ್ಣು ಕಾಕುವಿನ ಮೇಲೆ ಹಾಕಿದ. ಕೈ ಝಾಡಿಸಿಕೊಂಡು, ನೆರೆದವರಿಗೆಲ್ಲ, ದೂರ ನಿಂತಿದ್ದ ನಮ್ಮ ಹೆಂಗಸರಿಗೂ ಕೇಳುವಂತೆ, ಪಾಪ, ಮಿಸ್ತ್ರಿ ನೆಟ್ಟಗೆ ರಿಪೇರಿ ಮಾಡಿದ್ದರೆ ಹೆಂಡತಿ ಉಳಿಯುತ್ತಿದ್ದಳು ಎಂದ. ಅಷ್ಟೇ ಸಾಕಾಯಿತು. ದಂಡೆಯಲ್ಲಿ ಕಂಡವರೂ ನಾಳೆ ದಾಟಲು ಅವನ ಬೋಟೇ ಬೇಕೆಂದು ಅವನ ಮಾತಿಗೇ ತಲೆಯಾಡಿಸಿದರು. ಮೋಟಾರನ್ನು ಅವನು ಆಗಲೇ ಹೊಳೆಯಿಂದ ಎತ್ತಿಸಿ, ಗುರುತು ಉಳಿಯದಂತೆ ತನ್ನ ಮನೆಯಲ್ಲಿ ಬಿಚ್ಚಿಸಿದ್ದ. ಪೊಲೀಸರು ಕಾಕಾನನ್ನೇ ಕರೆದೊಯ್ದು ದಿನವಿಡೀ ಠಾಣೆಯ ಬಾಗಿಲಲ್ಲಿ ಕೂಡಿಸಿದರು. ನಾನು ಕಂಡದ್ದನ್ನು ಹೇಳಲು ಹೋದರೆ, ಹುಡುಗಿ ಹೆದರಿದೆ, ಏನೇನೋ ಒದರುತ್ತದೆ ಎಂದು ಕಳಿಸಿದರು. ಮುಂದೆ ಕೇಸು ಎತ್ತ ಹೋಯಿತೋ ತಿಳಿಯಲಿಲ್ಲ. ಊರಲ್ಲಿ ಮಾತು ಮಾತ್ರ ನಿಂತಿತು. ಹೆಂಡತಿಯನ್ನು ತನ್ನ ಕೈಯಾರೆ ಮುಳುಗಿಸಿದ ಮಿಸ್ತ್ರಿ.

ಆ ವರ್ಷ ನನ್ನ ಪರೀಕ್ಷೆ ತಪ್ಪಿತು. ಇನ್ನು ಓದುವುದಿಲ್ಲ ಎಂದು ಮೂಲೆ ಹಿಡಿದು ಕುಳಿತೆ. ಅವ್ವ ಅತ್ತಳು, ಅಕ್ಕಪಕ್ಕದವರು ಸಮಾಧಾನ ಹೇಳಿದರು. ಕಾಕಾ ಸಮಾಧಾನ ಹೇಳಲು ಬಂದವನಲ್ಲ. ಬಾಗಿಲಲ್ಲಿ ನಿಂತೇ ಮಾತಾಡಿದ.

"ಏ ಹುಡುಗಿ, ಏಳು. ನಿನ್ನ ಸಾಕ್ಷಿ ಯಾಕ ನಡೀಲಿಲ್ಲ ಗೊತ್ತೇನು? ನೀ ಬರೇ ಹುಡುಗಿ ಇದ್ದಿ. ಪಾಸಾಗು. ನನಗ ಡಿಗ್ರಿ ಆದ ಸಾಕ್ಷಿ ಬೇಕಾಗ್ಯಾದ."

ಜನ ನೌಕರಿಗಾಗಿ ಓದುತ್ತಾರೆ, ಮದುವೆಗಾಗಿ ಓದುತ್ತಾರೆ. ನಾನು ಒಬ್ಬ ಮನುಷ್ಯನ ಮೇಲಿನ ಸಿಟ್ಟಿಗೆ ಓದಿದೆ. ಪುಸ್ತಕ ತೆರೆದರೆ ಕಂಟ್ರಾಕ್ಟರನ ಆ ಬೆರಳು, ಆ ಬಂಗಾರದ ಹನಿ ಕಾಣುತ್ತಿತ್ತು. ನಿದ್ದೆ ತಾನಾಗಿಯೇ ಹಾರಿ ಹೋಗುತ್ತಿತ್ತು. ಪಾಸಾದೆ. ಬಿ.ಇಡಿ. ಕೂಡ ಮುಗಿಸಿ ಯಾದಗಿರಿಯ ಖಾಸಗಿ ಶಾಲೆಯೊಂದರಲ್ಲಿ ಟೀಚರಾದೆ. ನಮ್ಮ ಗಡ್ಡೆಯಲ್ಲಿ ಮೊದಲ ಪದವೀಧರೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪುಕ್ಕಟೆ ಬಂದದ್ದಲ್ಲ ಅದು.

ಕಂಟ್ರಾಕ್ಟರನಿಗೆ ಒಂದು ಸಂಗತಿ ಮರೆತಿತ್ತು. ಮೋಟಾರು ಒಯ್ದಿದ್ದ, ಬಾಟಲಿ ಒಯ್ದಿರಲಿಲ್ಲ. ಅವನ ಗೇರ್ ಡಬ್ಬಿಯಿಂದ ತೆಗೆದ ಎಣ್ಣೆ ಕಾಕಾನ ಹಲಗೆಯ ಮೇಲೆಯೇ ಉಳಿದಿತ್ತು. ದಿನ ಕಳೆದಂತೆ ಅದು ತಿಳಿಯಾಯಿತು. ಮೇಲೆ ಎಣ್ಣೆ, ತಳದಲ್ಲಿ ನೀರು. ಕಾಕಾ ಉಳಿದ ಬಾಟಲಿಗಳನ್ನೆಲ್ಲ ಎಸೆದು ಅದೊಂದನ್ನೇ ಅಂಗಡಿಯ ಮುಂದೆ, ಬಂದವರ ಕಣ್ಣಿಗೆ ನೇರ ಬಡಿಯುವಂತೆ ಇಟ್ಟ. ಪಂಪ್‌ಸೆಟ್ಟು ತಂದವರಿಗೂ ಮೊದಲು ಅದರ ಕಥೆ, ಆಮೇಲೆ ರಿಪೇರಿ.

ಕಂಟ್ರಾಕ್ಟರ್ ಪಂಚಾಯ್ತಿಗೆ ನಿಂತಾಗ ನಮ್ಮ ಹಬ್ಬ ಶುರುವಾಯಿತು. ಅವನ ಫೋಟೋ ಇದ್ದ ಪಾಂಪ್ಲೆಟುಗಳನ್ನು ಕಾಕಾ ತಾನೇ ಹೋಗಿ ಕೇಳಿ ತಂದ. ಅಂಗಡಿಯಲ್ಲಿ ಗ್ರೀಸು ಒರೆಸಲು ಬೇರೆ ಬಟ್ಟೆ ಮುಟ್ಟಲಿಲ್ಲ. "ಇನ್ನೊಂದಿಷ್ಟು ಕೊಡ್ರಿ, ಬಾಳ ಛಲೋ ಒರಸ್ತಾವ" ಎಂದು ಪ್ರಚಾರದ ಜೀಪನ್ನೇ ನಿಲ್ಲಿಸಿದ್ದುಂಟು. ನಾನು ಶಾಲೆಗೆ ರಜೆ ಹಾಕಿ ಬಂದೆ. ಇಬ್ಬರೂ ಬಾಟಲಿ ಹಿಡಿದು ಮನೆಮನೆಗೆ ಹೋದೆವು. ಕಾಕಾ ಬಾಟಲಿಯನ್ನು ಜೋರಾಗಿ ಅಲುಗಿಸುತ್ತಿದ್ದ. ಅದು ಮಜ್ಜಿಗೆಯಂತಾಗುತ್ತಿತ್ತು.

"ಬೋಟು ನಡದಾಗ ಹಿಂಗ ಇರ್ತದ. ನಿಂತಾಗ ಮ್ಯಾಲಿಂದು ಚಂದ ಕಾಣ್ತದ. ಅಂವ ನಿಮಗ ಮ್ಯಾಲಿಂದು ತೋರಿಸಿ ವೋಟ್ ಕೇಳಾಕತ್ತಾನ."

ಆಮೇಲೆ ನಾನು ದಂಡೆಯಲ್ಲಿ ಕಂಡದ್ದನ್ನು ಹೇಳುತ್ತಿದ್ದೆ. ಠಾಣೆಯಲ್ಲಿ ನಡೆಯದಿದ್ದ ಸಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ನಡೆಯಿತು. ಟೀಚರ್ ಸುಳ್ಳು ಹೇಳ್ತಾಳೇನು ಎಂದರು. ಅವತ್ತು ಅದೇ ಮಾತು ಹೇಳಿದ್ದ ಹುಡುಗಿಯೂ ನಾನೇ ಎಂಬುದು ಯಾರಿಗೂ ನೆನಪಿರಲಿಲ್ಲ. ನಾನೂ ನೆನಪಿಸಲಿಲ್ಲ. ಕಂಟ್ರಾಕ್ಟರ್ ಸೋತ. ಮುಂದಿನ ಸಲ ಹೆಂಡತಿಯನ್ನು ನಿಲ್ಲಿಸಿದ. ಬಾಟಲಿ ಮತ್ತೆ ಕೆಳಗಿಳಿಯಿತು, ಆಕೆಯೂ ಸೋತಳು. ಬೋಟಿನ ಗುತ್ತಿಗೆಯೂ ಕೈಬಿಟ್ಟಿತು. ಸೇಡು ಮನಸ್ಸಿಗೆ ನೆಮ್ಮದಿ ಕೊಡುವುದಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ಅವರು ಸೋತ ಆ ಎರಡು ದಿನ ಕಾಕಾ ಹೊಟ್ಟೆತುಂಬ ಉಂಡಂತೆ ಮತ್ತೆ ಯಾವತ್ತೂ ಉಂಡದ್ದನ್ನು ನಾನು ನೋಡಿಲ್ಲ.

ಹಿರಿಯರು ರಾಜಿಗೆ ಬಂದರು. ಕಾಕಾನ ಶರತ್ತು ಒಂದೇ. ಬಡಿಗೆ ಬೇಡ, ದಂಡ ಬೇಡ, ಕಾಲು ಹಿಡಿಯುವುದೂ ಬೇಡ. ಊರ ಕಟ್ಟೆಯ ಮೇಲೆ ನಿಂತು, ಸೀಲು ಹಾಕದೆ ಬರೀ ಎಣ್ಣೆ ಬದಲಿಸಿದವನು ನಾನು ಎಂದು ಎಲ್ಲರ ಮುಂದೆ ಒಂದು ಸಲ ಹೇಳಬೇಕು. ಕಂಟ್ರಾಕ್ಟರ್ ಶಾಲು ಕಳಿಸಿದ, ಹಣ್ಣು ಕಳಿಸಿದ. ಆ ಒಂದು ಮಾತು ಕಳಿಸಲಿಲ್ಲ. ಹಣ್ಣು ಎಮ್ಮೆ ತಿಂದಿತು.

ಕಳೆದ ವರ್ಷ ಕಾಕಾ ಹಾಸಿಗೆ ಹಿಡಿದ. ಎದೆಯಲ್ಲಿ ನೀರು ತುಂಬಿದೆ ಎಂದು ಯಾದಗಿರಿಯ ಡಾಕ್ಟರರು ಹೇಳಿದಾಗ ನಕ್ಕ. ಸೀಲು ಹೋಗ್ಯಾದ, ಅದಕ್ಕ ಹೈದರಾಬಾದಿನಾಗ ಸ್ಪೇರ್ ಸಿಗಾಂಗಿಲ್ಲ ಎಂದ. ಕಾಕಾ-ಕಾಕುವಿಗೆ ಮಕ್ಕಳಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತಿದ್ದೆ. ಉಗುರಿಲ್ಲದ ಹೆಬ್ಬೆರಳಿನಿಂದ ನನ್ನ ಅಂಗೈಯ ಮುಳ್ಳಿನ ಗುರುತನ್ನು, ಎಣ್ಣೆ ಪರೀಕ್ಷೆ ಮಾಡುವಂತೆ, ಒಮ್ಮೆ ತಿಕ್ಕಿ ನೋಡಿದ.

"ಅವತ್ತ ಅಂವ ಆಕಿ ಮ್ಯಾಲ ಮಣ್ಣು ಹಾಕ್ದ. ನಾ ನೋಡ್ಕೋತ ನಿಂತಿದ್ದೆ. ನನ್ನ ಮ್ಯಾಲ ಅವನ ಮಣ್ಣು ಬೀಳಬಾರ್ದು, ಯವ್ವಾ. ಹೇಳಿದ್ರ ಹಾಕಲಿ. ಹೇಳದಿದ್ರ ಬ್ಯಾಡ."

ಅವನು ನನ್ನಿಂದ ಕೇಳಿದ್ದು ಅದೊಂದೇ. ಕೇಳುವುದು ಸುಲಭ, ನಡೆಸುವುದು ಕಷ್ಟ. ನಮ್ಮಲ್ಲಿ ಮಣ್ಣು ಕೊಡಲು ಬಂದವನನ್ನು ಯಾರೂ ತಡೆಯುವುದಿಲ್ಲ. ವೈರಿಯಾದರೂ ಒಂದು ಹಿಡಿ ಮಣ್ಣು ಹಾಕಿದನೆಂದರೆ ಲೆಕ್ಕ ಮುಗಿದಂತೆ. ಅದಕ್ಕೇ ಕಂಟ್ರಾಕ್ಟರ್ ಬಂದೇ ಬರುತ್ತಾನೆಂದು ನಮಗೆ ಗೊತ್ತಿತ್ತು. ಮೇಲಾಗಿ ನಮ್ಮ ಹೆಂಗಸರು ಕುಣಿಯ ಹತ್ತಿರ ಹೋಗಿ ನಿಲ್ಲುವುದಿಲ್ಲ.

ಕಾಕಾ ತೀರಿಕೊಂಡ ದಿನ ನಾನು ಹೋಗಿ ನಿಂತೆ. ಗಂಡಸರು ಗುಸುಗುಸು ಮಾಡಿದರು. ಅವ್ವ ದೂರದಿಂದ ಬಾ ಎಂದು ಕೈ ಮಾಡಿದಳು. ಕಾಕಾನನ್ನು ಕಾಕುವಿನ ಪಕ್ಕದಲ್ಲೇ ಇಳಿಸಿದರು. ನಾನು ಮೊದಲ ಹಿಡಿ ಹಾಕಿದೆ, ಜೊತೆಗೆ ಕಾಕಾ ಹೈದರಾಬಾದಿನಿಂದ ತಂದಿದ್ದ ಆ ಸೀಲನ್ನೂ ಹಾಕಿದೆ. ಆಗ ಜನ ಕಂಟ್ರಾಕ್ಟರನಿಗೆ ದಾರಿ ಬಿಟ್ಟರು. ಬಿಳಿ ಅಂಗಿ, ಕೈಯಲ್ಲಿ ಹಾರ. ಹಾರ ಇಟ್ಟು, ಬಾಗಿ, ಹಿಡಿ ತುಂಬ ಮಣ್ಣು ತೆಗೆದುಕೊಂಡ. ಅವತ್ತಿನಷ್ಟೇ ದೊಡ್ಡ ಹಿಡಿ.

ನಾನು ಅವನಿಗೂ ಕುಣಿಗೂ ನಡುವೆ ಬಂದೆ.

"ಮೊದಲ ಹೇಳ್ರಿ. ಆಮ್ಯಾಲ ಹಾಕ್ರಿ."

"ಟೀಚರಮ್ಮ, ಸತ್ತವರ ಮುಂದ ಜಗಳ ಯಾಕ? ಸರೀರಿ" ಎಂದ. ದನಿ ಮೆತ್ತಗಿತ್ತು.

"ಜಗಳ ಅಲ್ರಿ. ಒಂದ ಮಾತು. ಎಣ್ಣಿ ಬದಲಿಸಿದವರು ಯಾರು?"

ಯಾರಾದರೂ ನನ್ನ ಕೈ ಹಿಡಿದು ಎಳೆಯುತ್ತಾರೆಂದು ಕಾದೆ. ಯಾರೂ ಎಳೆಯಲಿಲ್ಲ. ಅವನು ಸುತ್ತ ನೋಡಿದ. ಅಲ್ಲಿದ್ದವರೆಲ್ಲ ಒಂದಲ್ಲ ಒಂದು ಸಲ ತಮ್ಮ ಬಾಗಿಲಲ್ಲಿ ಆ ಬಾಟಲಿ ಅಲುಗಿದ್ದನ್ನು ಕಂಡವರು. ಅವನ ತುಟಿ ಅಲುಗಿತು. ಹೇಳಿಬಿಡುತ್ತಾನೇನೋ ಅನಿಸಿತು. ನಿಜ ಹೇಳುತ್ತೇನೆ, ಹೇಳದಿರಲಿ ಎಂದು ಆ ಗಳಿಗೆಯಲ್ಲಿ ನಾನು ಬೇಡಿಕೊಂಡೆ. ಅವನಿಗೆ ಅಷ್ಟು ಅಗ್ಗದಲ್ಲಿ ಬಿಡುಗಡೆ ಸಿಗಬಾರದಿತ್ತು.

ಅವನು ಹೇಳಲಿಲ್ಲ. ಮುಷ್ಟಿ ಸಡಿಲವಾಯಿತು. ಮಣ್ಣು ಅವನ ಚಪ್ಪಲಿಯ ಮೇಲೆಯೇ ಬಿತ್ತು. ಕಾಲು ಝಾಡಿಸದೆ ತಿರುಗಿ ಹೋದ. ಹಾರವನ್ನು ಯಾರೋ ಎತ್ತಿ ಜಾಲಿಯ ಕಡೆ ಎಸೆದರು.

ನನ್ನ ಡಿಗ್ರಿ ಸರ್ಟಿಫಿಕೇಟು ಪೆಟ್ಟಿಗೆಯಲ್ಲಿದೆ. ಬಾಟಲಿ ಮಾತ್ರ ಯಾದಗಿರಿಯ ನನ್ನ ಮನೆಯ ಕಿಟಕಿಯಲ್ಲಿ, ಬೆಳಕಿಗೆ ಅಡ್ಡವಾಗಿ ಇದೆ. ಮೇಲೆ ಎಣ್ಣೆ ಬಂಗಾರದ ಹಾಗೆ ಕಾಣುತ್ತದೆ, ತಳದಲ್ಲಿ ನೀರು ಹಾಗೇ ನಿಂತಿದೆ. ಕಂಟ್ರಾಕ್ಟರ್ ಈ ಸಲ ಮತ್ತೆ ಪಂಚಾಯ್ತಿಗೆ ನಿಲ್ಲುತ್ತಾನಂತೆ. ರಜೆಗೆ ಅರ್ಜಿ ಕೊಟ್ಟಿದ್ದೇನೆ. ಬಾಟಲಿಯ ಧೂಳು ಒರೆಸಿ ಇಟ್ಟಿದ್ದೇನೆ.