ವಸ್ತಾದರ ಬೆನ್ನು

ವಸ್ತಾದರ ಎರಡೂ ಕಿವಿಗಳು ಒಣ ಅಂಜೂರದಂತೆ ಮುರುಟಿದ್ದವು. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಹಾಗಾಗಿದ್ದವು. ಹಾಡುವಾಗ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು. ಆ ಮೈಯಿಂದ ಅಷ್ಟು ಮೆತ್ತನೆಯ ದನಿ ಬರುತ್ತದೆಂದು ಕೇಳದವರು ನಂಬುತ್ತಿರಲಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಗೌಂಡಿ ಕೆಲಸ ಹಿಡಿದವನು. ಕಟ್ಟಿದ ಗೋಡೆ ಒಂದೂ ಬಿದ್ದಿಲ್ಲ. ನನ್ನ ತಪ್ಪನ್ನೂ ನೆಟ್ಟಗೇ ಬರೆಯುತ್ತೇನೆ.

ಎಪ್ಪತ್ತರ ದಶಕದಲ್ಲಿ ನರೋಣಾದ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ನನಗೆ ಕುಸ್ತಿ ಕಲಿಸಿದವರು ಅವರು. ಮಣ್ಣೂರಿನಿಂದ ಜೇವರ್ಗಿವರೆಗೆ ಅವರನ್ನು ಸೋಲಿಸಿ ಬೆನ್ನಿಗೆ ಮಣ್ಣು ಹಚ್ಚಿದವರಿರಲಿಲ್ಲ. ಮೊಣಕಾಲು ಕೆಟ್ಟ ಮೇಲೆ ನಾಟಕಕ್ಕೆ ಬಂದರು. ಮದುವೆಯಾಗಿರಲಿಲ್ಲ, ನಾಟಕದವರೇ ಮನೆಮಂದಿ.

ನಾವು ಆಡುತ್ತಿದ್ದ ನಾಟಕದಲ್ಲಿ ಅವರು ರಾಜ, ನಾನು ಅವರನ್ನು ಕೊಲ್ಲುವ ಸೇನಾಪತಿ. ಕೊನೆಗೆ ಅವರು ಅಂಗಾತ ಬಿದ್ದು ಹಾಡುತ್ತ ಸಾಯಬೇಕು. "ಹಲಿಗಿ ಮ್ಯಾಲ ಬೀಳ್ತೇನಿ. ಹಲಿಗಿ ಅಂದ್ರ ಮಣ್ಣಲ್ಲ" ಎಂದು ಒಪ್ಪಿಕೊಂಡಿದ್ದರು.

ಒಂದು ಸಲ ನಿಂಬರ್ಗಾದಲ್ಲಿ ರಂಗಕ್ಕೆ ಹಾಸುವ ಹಲಗೆ ತರುವ ಬಂಡಿ ಬರಲಿಲ್ಲ. ನೆಲದ ಮೇಲೆಯೇ ಆಟ. ನಾನು ಖಡ್ಗ ಬೀಸಿದೆ. ಅವರು ನಿಂತೇ ಇದ್ದರು. ಮತ್ತೆ ಬೀಸಿದೆ. ಜನ ಸೀಟಿ ಹೊಡೆದರು.

"ಲೇ ಸೇನಾಪತಿ, ಖಡ್ಗಕ್ಕ ಸಾಣಿ ಹಿಡಿಸ್ಕೊಂಡ ಬಾರಲೇ!"

"ಬೀಳ್ರಿ ವಸ್ತಾದ್ರ" ಎಂದು ಪಿಸುಗುಟ್ಟಿದೆ.

"ಕುಂತು ಸಾಯ್ತೇನಿ. ಮಕ್ಕೊಂಡು ಸಾಯಂಗಿಲ್ಲ."

ನನಗೆ ಸಿಟ್ಟು ಬಂತು. ಅವರೇ ಕಲಿಸಿದ ಪಟ್ಟು ಹಾಕಿ, ಕೆಟ್ಟ ಮೊಣಕಾಲಿಗೇ ಕಾಲು ಕೊಟ್ಟೆ. ಅಂಗಾತ ಬಿದ್ದರು. ಬಿದ್ದಲ್ಲಿಯೇ ಹಾಡನ್ನು ಪೂರ್ತಿ ಹಾಡಿದರು. ಸೀಟಿ ನಿಂತವು. ಹೆಣ್ಣುಮಕ್ಕಳು ಸೆರಗನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಅವರು ಎದ್ದು, ಬೆನ್ನಿನ ಮಣ್ಣು ಕೊಡವಿಕೊಳ್ಳದೆ ನಡೆದುಹೋದರು. ಮತ್ತೆಂದೂ ಬಣ್ಣ ಹಚ್ಚಲಿಲ್ಲ.

ಹನ್ನೆರಡು ವರ್ಷ ತಾಲೀಮಿನ ಹಿಂದಿನ ಖೋಲಿಯಲ್ಲಿ ಒಬ್ಬರೇ ಇದ್ದರು. ಒಬ್ಬರೇ ರೊಟ್ಟಿ ಬಡಿದುಕೊಳ್ಳುತ್ತಿದ್ದರು, ಒಬ್ಬರೇ ಹಾಡಿಕೊಳ್ಳುತ್ತಿದ್ದರು. ನಾನು ಬಾಗಿಲಿಗೆ ಬಂದರೆ ಹಾಡು ನಿಲ್ಲುತ್ತಿತ್ತು. "ಚಾ ಕುಡಿತೀ ಏನು?" ಎನ್ನುತ್ತಿದ್ದರು, ಅಷ್ಟೇ. ತಪ್ಪಾಯಿತು ಎಂದು ನಾನು ಕಾಲು ಹಿಡಿದ ದಿನ ಮಾತ್ರ ಒಂದು ಮಾತು ಬಂತು: "ಪಟ್ಟು ಚಲೋ ಹಾಕಿದಿ. ಯಾರಿಗೆ ಹಾಕಾಕತ್ತೇನಿ ಅಂತ ಅದೊಂದ ನೋಡ್ಲಿಲ್ಲ."

ಅವರು ತೀರಿಕೊಂಡಾಗ ಗುಂಡಿ ತೋಡಿ, ಒಳಗೆ ಗೂಡು ಕೊರೆದವನು ನಾನೇ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಕೂರಿಸಿದೆವು.

"ಸಾಕೋ, ಮ್ಯಾಲ ಬಾ" ಎಂದರು ಐನೋರು.

"ತಡೀರಿ" ಎಂದೆ. ಗೂಡಿನ ಗೋಡೆಗೂ ಆ ಬೆನ್ನಿಗೂ ನಡುವೆ ವಿಭೂತಿಯನ್ನು ಒತ್ತೊತ್ತಿ ತುಂಬಿದೆ, ಎಲ್ಲಿಯೂ ಮಣ್ಣು ತಾಗದಂತೆ.